ಮಾವಿನ ಲೇಪ ತೆಳ್ಳಗಾದದ್ದು ಏಕೆ? ಧಾರವಾಡದ ಒಂದು ಅಣುತೂಕದ ಪ್ರಕರಣ

ಇದು ಧಾರವಾಡದ ಒಂದು ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ಒಂದು ಬೇಸಿಗೆ ನಡೆದದ್ದು. ಸಂಸ್ಥೆಯ ಹೆಸರು, ಜನರ ಹೆಸರು ಬೇಡ. ಒಬ್ಬ ಸಂಶೋಧನಾ ವಿದ್ಯಾರ್ಥಿನಿ, ಲ್ಯಾಬ್ ನೋಡಿಕೊಳ್ಳುವ ಹಿರಿಯರು (ಅವರನ್ನು ನಾವೆಲ್ಲ ಕಾಕಾ ಅನ್ನುತ್ತೇವೆ), ಮತ್ತು ಮಾರ್ಗದರ್ಶಕನಾಗಿದ್ದ ನಾನು, ಇಷ್ಟೇ ಜನ. ಪಾಲಿಮರ್ (ಉದ್ದ ಸರಪಳಿಯಂಥ ಅಣುಗಳ ವಸ್ತು) ಅಣುತೂಕವನ್ನು ತೆಳು ದ್ರಾವಣದಲ್ಲಿ ಅಳೆಯಲು ಹೊರಟವರಿಗೆ ಉಪಯೋಗವಾಗಲಿ ಎಂದು, ನಾನು ತಪ್ಪಿದ ಜಾಗಗಳನ್ನೂ ಬಿಡದೆ ಬರೆಯುತ್ತಿದ್ದೇನೆ.

ಹಿನ್ನೆಲೆ

ಕೆಲಗೇರಿ, ಕಲಕೇರಿ ಕಡೆಯ ಆಪೂಸ್ ಮಾವು ಗೊತ್ತಲ್ಲ. ಹಣ್ಣು ಒಮ್ಮೆ ಮಾಗಲು ಶುರುವಾದರೆ ಕೈಯಲ್ಲಿ ಉಳಿಯುವ ದಿನ ಕಡಿಮೆ. ಕೈಟೋಸಾನ್ ಎಂಬ ಪಾಲಿಮರ್‌ನ ತೆಳು ಲೇಪ ಹಚ್ಚಿದರೆ ಹಣ್ಣಿನ ನೀರು ಬೇಗ ಆರುವುದಿಲ್ಲ, ಉಸಿರಾಟವೂ ನಿಧಾನವಾಗುತ್ತದೆ. ಸೀಗಡಿ, ಏಡಿ ಚಿಪ್ಪಿನ ಕೈಟಿನ್‌ನಿಂದ ತಯಾರಾಗುವ ವಸ್ತು ಇದು. ಬರೀ ನೀರಲ್ಲಿ ಕರಗುವುದಿಲ್ಲ, ತೆಳುವಾದ ಅಸಿಟಿಕ್ ಆಮ್ಲದಲ್ಲಿ ಕರಗುತ್ತದೆ. ವಿದ್ಯಾರ್ಥಿನಿಯ ವಿಷಯವೇ ಈ ಲೇಪ. ಅವಳ ಸಂಬಂಧಿಕರ ತೋಟದವರು ಪ್ರಯೋಗಕ್ಕೆ ಹಣ್ಣು ಕೊಡಲು ಒಪ್ಪಿದ್ದರು.

ಮೊದಲ ಸಲ ಅದ್ದಿದ ಹಣ್ಣು ಚೆನ್ನಾಗಿ ನಿಂತವು. ಎರಡನೇ ಸಲದ ಹಣ್ಣು ಲೇಪವಿಲ್ಲದ ಹಣ್ಣಿನಷ್ಟೇ ಬೇಗ ಸುಕ್ಕಾದವು. ಲೇಪ ತೀರಾ ತೆಳ್ಳಗಾಗಿತ್ತು, ದ್ರಾವಣ ಹಣ್ಣಿನ ಮೇಲೆ ನಿಲ್ಲದೆ ಜಾರಿ ಹೋಗುತ್ತಿತ್ತು. ಎರಡೂ ಸಲ 1 ಶೇಕಡಾ ದ್ರಾವಣವೇ. ಬದಲಾದದ್ದು ಒಂದೇ ಅಂದುಕೊಂಡೆವು: ಎರಡನೇ ಸಲಕ್ಕೆ ಹೊಸ ಡಬ್ಬಿ ಒಡೆದಿದ್ದೆವು. ಹಾಗಾದರೆ ಹೊಸ ಡಬ್ಬಿಯ ಪುಡಿಯಲ್ಲಿ ಸರಪಳಿಗಳು ಗಿಡ್ಡ ಇರಬೇಕು, ಅಣುತೂಕ ಕಡಿಮೆ ಇರಬೇಕು. ಪುಡಿ ಕಳಿಸಿದವರಿಗೆ ದೂರಿನ ಪತ್ರವನ್ನೂ ಬರೆದಿಟ್ಟೆ. ಅಣುತೂಕದ ಅಂಕಿ ಬಂದ ಕೂಡಲೇ ಕಳಿಸುವುದು ಎಂದಾಗಿತ್ತು. ಅಳೆಯುವ ಮೊದಲೇ ಉತ್ತರ ಗೊತ್ತಿದೆ ಎಂದುಕೊಂಡು ಕೂತಿದ್ದೆ. ಮುಂದಿನ ಅರ್ಧ ತೊಂದರೆ ಅಲ್ಲಿಂದಲೇ ಬಂತು.

ಅಳೆಯುವ ಬಗೆ

ಗೊತ್ತಿಲ್ಲದವರಿಗೆ ಎರಡು ಮಾತು. ಉದ್ದನೆಯ ಸರಪಳಿಯಂಥ ಅಣು ದ್ರಾವಣದಲ್ಲಿ ಸಡಿಲವಾದ ನೂಲಿನ ಉಂಡೆಯ ಹಾಗೆ ಇರುತ್ತದೆ. ಉಂಡೆ ದೊಡ್ಡದಾದಷ್ಟು ದ್ರವ ಹರಿಯುವುದಕ್ಕೆ ಅಡ್ಡಿ ಜಾಸ್ತಿ. ಒಂದು ಸಣ್ಣ ಗಾಜಿನ ಕೊಳವೆಯಲ್ಲಿ ಮೇಲಿನ ಗೆರೆಯಿಂದ ಕೆಳಗಿನ ಗೆರೆಗೆ ದ್ರವ ಇಳಿಯಲು ಎಷ್ಟು ಸೆಕೆಂಡು ಬೇಕು ಎಂದು ನೋಡುತ್ತೇವೆ. ಬರೀ ದ್ರಾವಕಕ್ಕೆ ಎಷ್ಟು, ಪಾಲಿಮರ್ ಕರಗಿದ ಮೇಲೆ ಎಷ್ಟು? ಆ ಅನುಪಾತದಲ್ಲಿ 1 ಕಳೆದರೆ ಪಾಲಿಮರ್ ಸೇರಿಸಿದ ಪಾಲು ಸಿಗುತ್ತದೆ. ಅದನ್ನು ಸಾಂದ್ರತೆಯಿಂದ ಭಾಗಿಸಿದರೆ ಗ್ರಾಂ ಒಂದಕ್ಕೆ ಎಷ್ಟು ಎಂಬ ಲೆಕ್ಕ. ಆದರೆ ಉಂಡೆಗಳು ಒಂದಕ್ಕೊಂದು ತಾಗಿದರೆ ಲೆಕ್ಕ ಕೆಡುತ್ತದೆ. ಅದಕ್ಕೆ ದ್ರಾವಣವನ್ನು ತೆಳುಮಾಡುತ್ತಾ ಹೋಗಿ, ಗ್ರಾಫಿನಲ್ಲಿ ಗೆರೆ ಎಳೆದು, ಸಾಂದ್ರತೆ ಸೊನ್ನೆಯಾದ ಜಾಗದಲ್ಲಿ ಎಷ್ಟಿರುತ್ತದೆ ಎಂದು ಓದುತ್ತೇವೆ. ಅದೇ ಇಂಟ್ರಿನ್ಸಿಕ್ ವಿಸ್ಕೋಸಿಟಿ (ವಿಸ್ಕೋಸಿಟಿ ಅಂದರೆ ದ್ರವ ಹರಿಯುವುದಕ್ಕೆ ಇರುವ ಅಡ್ಡಿ). ಒಂಟಿ ಸರಪಳಿಯ ಸ್ವಂತ ಗುಣ ಅದು.

ಈ ದಾರಿ ತೋರಿಸಿದವರಲ್ಲಿ ಮೊದಲಿಗರು ಜರ್ಮನಿಯ ಹರ್ಮನ್ ಸ್ಟೌಡಿಂಗರ್. ದೈತ್ಯ ಅಣುಗಳು ನಿಜಕ್ಕೂ ಇವೆ ಎಂದು ಅವರು 1920ರಲ್ಲಿ ಬರೆದಾಗ ಒಪ್ಪಿದವರು ಕಡಿಮೆ. ದ್ರಾವಣದ ವಿಸ್ಕೋಸಿಟಿಗೂ ಸರಪಳಿಯ ಉದ್ದಕ್ಕೂ ಇರುವ ನಂಟು ಅವರ ಕೈಯಲ್ಲಿದ್ದ ಸಾಕ್ಷಿಗಳಲ್ಲಿ ಒಂದು. ನೊಬೆಲ್ ಸಿಕ್ಕಿದ್ದು 1953ರಲ್ಲಿ. ಒಂದು ಸ್ಟಾಪ್‌ವಾಚ್, ಒಂದು ಗಾಜಿನ ಕೊಳವೆ ಇಟ್ಟುಕೊಂಡು ಅಣುವಿನ ಉದ್ದ ತಿಳಿಯಬಹುದು ಎಂಬುದು ನನಗೆ ಈಗಲೂ ಆಶ್ಚರ್ಯದ ಸಂಗತಿ.

ನಮ್ಮ ಗಾಜಿನ ಕೊಳವೆ ಉಬ್ಬೆಲೋಡೆ ವಿಸ್ಕೋಮೀಟರ್ ಎಂಬ ಬಗೆಯದು. ಇದರಲ್ಲಿ ಒಳಗೆ ಎಷ್ಟು ದ್ರವ ಇದೆ ಎಂಬುದು ಮುಖ್ಯವಲ್ಲ. ಹಾಗಾಗಿ ಅದರೊಳಗೇ ದ್ರಾವಕ ಸೇರಿಸಿ ತೆಳುಮಾಡಬಹುದು. ಲೀಟರಿಗೆ 1 ಗ್ರಾಂ ಇರುವ ದ್ರಾವಣ 10 ಮಿಲಿ ಹಾಕಿ, ಆಮೇಲೆ 2.5, 7.5, 5 ಮಿಲಿ ದ್ರಾವಕ ಸೇರಿಸುತ್ತಾ 0.8, 0.5, 0.4 ಗ್ರಾಂಗೆ ಇಳಿಸುವುದು ಅವಳ ಯೋಜನೆ.

ಗೆರೆ ಮೇಲಕ್ಕೆ ಹೋಯಿತು

ಮೊದಲ ದಿನ ಅವಳು ದ್ರಾವಕವಾಗಿ ಬರೀ 0.1 ಮೋಲಾರ್ ಅಸಿಟಿಕ್ ಆಮ್ಲ ತೆಗೆದುಕೊಂಡಳು. ತೆಳುವಾದಷ್ಟೂ ಗ್ರಾಂ ಒಂದರ ಪಾಲು ನಿಧಾನಕ್ಕೆ ಇಳಿಯಬೇಕು. ಇಲ್ಲಿ ಉಲ್ಟಾ. 1 ಗ್ರಾಂನಲ್ಲಿ 1310 ಇದ್ದದ್ದು 0.4 ಗ್ರಾಂನಲ್ಲಿ 1720 ಮಿಲಿಲೀಟರ್ ಪ್ರತಿ ಗ್ರಾಂ ಆಗಿತ್ತು. ಸೊನ್ನೆಯ ಹತ್ತಿರ ಗೆರೆ ಆಕಾಶಕ್ಕೆ ಬಾಗುತ್ತಿತ್ತು.

ನಾನು ಅವಸರದಲ್ಲಿದ್ದೆ. "ತೆಳು ದ್ರಾವಣದಲ್ಲಿ ಸ್ಟಾಪ್‌ವಾಚ್ ತಪ್ಪು ಜಾಸ್ತಿ ಕಾಣುತ್ತೆ. ಕೊನೆಯ ಎರಡು ಪಾಯಿಂಟ್ ಬಿಟ್ಟು ಗೆರೆ ಎಳಿ" ಎಂದೆ. ಅವಳು ಸ್ವಲ್ಪ ಹೊತ್ತು ಗ್ರಾಫ್ ನೋಡಿ ಕೇಳಿದಳು: "ಸರ್, ಸೊನ್ನಿ ಕಡೆ ಹೋಗ್ಬೇಕಂತೀರಿ, ಸೊನ್ನಿಗೆ ಹತ್ರ ಇದ್ದ ಪಾಯಿಂಟನ್ನ ಬಿಡು ಅಂತೀರಲ್ರಿ?"

ಉತ್ತರ ಇರಲಿಲ್ಲ. ಇಡೀ ಪ್ರಕರಣದಲ್ಲಿ ನಾನು ಮೊದಲು ನೆನೆಯುವ ಮಾತು ಅದೇ. ಎರಡು ಪಾಯಿಂಟ್ ಬಿಟ್ಟಿದ್ದರೆ ಒಂದು ಅಂಕಿ ಸಿಗುತ್ತಿತ್ತು. ನೋಡಲು ಚೆಂದವಾಗಿಯೂ ಇರುತ್ತಿತ್ತು. ಏನೂ ಅರ್ಥವಿಲ್ಲದ ಅಂಕಿ.

ಅವಳು ಮತ್ತೆ ಮೂರು ಸಲ ಸಮಯ ತೆಗೆದಳು. 0.2 ಸೆಕೆಂಡಿನ ಒಳಗೇ ವ್ಯತ್ಯಾಸ. ಅಂದರೆ ಕೈತಪ್ಪಲ್ಲ, ದ್ರಾವಣವೇ ಹಾಗೆ ನಡೆಯುತ್ತಿದೆ. ಆಗ ಕಾರಣ ಹೊಳೆಯಿತು. ಆಮ್ಲದಲ್ಲಿ ಕೈಟೋಸಾನ್‌ನ ಅಮೈನ್ ಗುಂಪುಗಳು ಧನ ಆವೇಶ ಪಡೆಯುತ್ತವೆ. ಒಂದೇ ಸರಪಳಿಯ ಮೇಲೆ ನೂರಾರು ಧನ ಆವೇಶ ಕೂತರೆ ಅವು ಒಂದನ್ನೊಂದು ದೂಡುತ್ತವೆ. ಉಂಡೆಯಾಗಿದ್ದ ನೂಲು ಬಿಗಿದು ಕಡ್ಡಿಯಂತೆ ಚಾಚುತ್ತದೆ. ಸುತ್ತ ಇರುವ ಋಣ ಅಯಾನುಗಳು ಈ ತಳ್ಳಾಟವನ್ನು ಒಂದಷ್ಟು ಮರೆಮಾಡುತ್ತವೆ. ದ್ರಾವಣ ತೆಳುಮಾಡಿದಾಗ ಆ ಅಯಾನುಗಳೂ ತೆಳುವಾಗುತ್ತವೆ, ತಳ್ಳಾಟ ಜಾಸ್ತಿ, ಸರಪಳಿ ಇನ್ನೂ ಚಾಚುತ್ತದೆ. ನಾವು ಅಳೆಯುತ್ತಿದ್ದ ವಸ್ತುವೇ ಪ್ರತಿ ಪಾಯಿಂಟಿಗೂ ಬೇರೆ ಆಕಾರಕ್ಕೆ ತಿರುಗುತ್ತಿತ್ತು. ಫುವೋಸ್ ಮತ್ತು ಸ್ಟ್ರಾಸ್ 1948ರಲ್ಲೇ ಇಂಥ ಆವೇಶವಿರುವ ಪಾಲಿಮರ್‌ಗಳ ಈ ನಡತೆಗೆ ಸಮೀಕರಣ ಕೊಟ್ಟಿದ್ದರು. ನಾನೇ ತರಗತಿಯಲ್ಲಿ ಪಾಠ ಮಾಡಿದ್ದೇನೆ. ಎದುರಿಗೆ ಬಂದು ನಿಂತಾಗ ಗುರುತು ಸಿಗಲಿಲ್ಲ, ನೋಡಿ.

ಪರಿಹಾರ ಉಪ್ಪು. ಸಾಕಷ್ಟು ಉಪ್ಪು ಇದ್ದರೆ ತೆಳುಮಾಡಿದರೂ ಸುತ್ತಲಿನ ಅಯಾನುಗಳು ಕಡಿಮೆಯಾಗುವುದಿಲ್ಲ, ಸರಪಳಿಯ ಆಕಾರ ಒಂದೇ ತೆರನಾಗಿ ಉಳಿಯುತ್ತದೆ. 0.1 ಮೋಲಾರ್ ಅಸಿಟಿಕ್ ಆಮ್ಲಕ್ಕೆ 0.2 ಮೋಲಾರ್ ಸೋಡಿಯಂ ಕ್ಲೋರೈಡ್ ಸೇರಿಸುವುದು ಎಂದು ತೀರ್ಮಾನಿಸಿದೆವು.

ಮರುದಿನವೂ ಗೆರೆ ಬಾಗಿತು! ಮೊದಲಿಗಿಂತ ಕಡಿಮೆ, ಆದರೂ ಬಾಗಿತು. ಬಾಟಲಿಗಳನ್ನು ಒಂದೊಂದೇ ನೋಡುತ್ತಾ ಹೋದಾಗ ತಿಳಿಯಿತು. ಉಪ್ಪನ್ನು ಮೂಲ ದ್ರಾವಣಕ್ಕೆ ಮಾತ್ರ ಹಾಕಿದ್ದಳು, ತೆಳುಮಾಡಲು ಬಳಸಿದ್ದು ಹಳೇ ಬಾಟಲಿಯ ಉಪ್ಪಿಲ್ಲದ ಆಮ್ಲ. ಹೀಗಾಗಿ ಪಾಲಿಮರ್ ಜೊತೆಗೆ ಉಪ್ಪೂ ತೆಳುವಾಗುತ್ತಾ ಹೋಗಿತ್ತು. ಈ ತಪ್ಪು ತುಂಬಾ ಸುಲಭವಾಗಿ ಆಗುತ್ತದೆ. ಕರಗಿಸುವುದಕ್ಕೂ, ತೆಳುಮಾಡುವುದಕ್ಕೂ, ಬರೀ ದ್ರಾವಕದ ಸಮಯ ತೆಗೆಯುವುದಕ್ಕೂ ಒಂದೇ ಬಾಟಲಿಯ ದ್ರವ ಇರಬೇಕು.

ಅದನ್ನು ಸರಿಮಾಡಿದ ಮೇಲೆ ಹಳೇ ಡಬ್ಬಿಯ ಪುಡಿಗೆ ಗೆರೆ ನೆಟ್ಟಗೆ ಬಂತು. ದ್ರಾವಕ 142 ಸೆಕೆಂಡು, 1 ಗ್ರಾಂ ದ್ರಾವಣ 248 ಸೆಕೆಂಡು. ಗ್ರಾಂ ಒಂದರ ಪಾಲು 744, 715, 672, 658. ಸೊನ್ನೆಯಲ್ಲಿ 600.

ಬೇಕಾದ ಉತ್ತರ ಬಂದ ಮಧ್ಯಾಹ್ನ

ಅದೇ ದಿನ ಊಟದ ನಂತರ ಹೊಸ ಡಬ್ಬಿಯ ಪುಡಿ. ದ್ರಾವಕದ ಸಮಯ ಬೆಳಿಗ್ಗೆಯೇ ತೆಗೆದಿದೆ, ಮತ್ತೆ ಯಾಕೆ ಎಂದು ಬಿಟ್ಟೆವು. ಸಂಜೆಗೆ ಬಂದ ಉತ್ತರ 200ರ ಆಸುಪಾಸು. ಹಳೇ ಪುಡಿಯ ಮೂರನೇ ಒಂದು ಭಾಗ! ನನ್ನ ಅನುಮಾನಕ್ಕೆ ಸರಿಯಾಗಿ ಹೊಂದಿತು. ಪತ್ರ ಕಳಿಸೋಣ ಎಂದೆ.

ತಪ್ಪಿನ ಗುರುತು ಗ್ರಾಫಿನಲ್ಲೇ ಇತ್ತು. ಒಂದೇ ಅಳತೆಯಿಂದ ಎರಡು ಗೆರೆ ಎಳೆಯುವ ರೂಢಿ ಇದೆ. ಹಗ್ಗಿನ್ಸ್ 1942ರಲ್ಲಿ ಹೇಳಿದ ಗೆರೆ ಸಾಂದ್ರತೆಯ ಜೊತೆ ಏರುತ್ತದೆ. ಕ್ರೇಮರ್ 1938ರಲ್ಲಿ ಹೇಳಿದ್ದು, ಲಾಗರಿದಮ್ ತೆಗೆದು ಎಳೆಯುವ ಗೆರೆ, ಸಾಮಾನ್ಯವಾಗಿ ಮೆಲ್ಲಗೆ ಇಳಿಯುತ್ತದೆ. ಎರಡೂ ಸೊನ್ನೆಯಲ್ಲಿ ಒಂದೇ ಜಾಗಕ್ಕೆ ಬಂದು ಸೇರಬೇಕು. ಬೆಳಗಿನ ಅಳತೆಯಲ್ಲಿ ಸೇರಿದ್ದವು. ಮಧ್ಯಾಹ್ನದ್ದರಲ್ಲಿ ಕ್ರೇಮರ್ ಗೆರೆ ಇಳಿಯುವ ಬದಲು ಏರಿತ್ತು. ಇಬ್ಬರ ಕಣ್ಣಿಗೂ ಬಿತ್ತು, ಇಬ್ಬರೂ ಅದರ ಬಗ್ಗೆ ಮಾತಾಡಲಿಲ್ಲ. ಬಯಸಿದ ಉತ್ತರ ಕೈಗೆ ಬಂದಾಗ ಪರೀಕ್ಷಿಸುವ ಮನಸ್ಸು ಬರುವುದಿಲ್ಲ.

ಕಾಕಾ ಲ್ಯಾಬ್ ಮುಚ್ಚಲು ಬಂದವರು ವಾಟರ್ ಬಾತ್‌ನೊಳಗೆ (ಕೊಳವೆಯನ್ನು ಒಂದೇ ಉಷ್ಣತೆಯಲ್ಲಿಡಲು ಮುಳುಗಿಸುವ ನೀರಿನ ತೊಟ್ಟಿ) ಕೈ ಇಟ್ಟು ನೋಡಿದರು. "ಇದು 25 ಹೆಂಗ ಆಕ್ಕೈತ್ರಿ ಸರ? ಖೋಲಿನ ಕುದಿಯಾಕತೈತಿ. ಬಾತ್ ನೀರು ಬಿಸಿ ಮಾಡತೈತಿ, ತಂಪು ಮಾಡೂದಿಲ್ಲಲ್ರಿ" ಎಂದರು. ಥರ್ಮಾಮೀಟರ್ ಇಳಿಬಿಟ್ಟರೆ 30 ಡಿಗ್ರಿ. ನಾವು 25ಕ್ಕೆ ಗುಂಡಿ ತಿರುಗಿಸಿ ಅಷ್ಟೇ ಇದೆ ಎಂದು ನಂಬಿದ್ದೆವು. ಆದರೆ ಒಳಗೆ ಇದ್ದದ್ದು ಹೀಟರ್ ಮಾತ್ರ. ಏಪ್ರಿಲ್ ಮಧ್ಯಾಹ್ನ ಕೋಣೆಯೇ ಅದಕ್ಕಿಂತ ಬಿಸಿ.

ನೀರಿನ ವಿಸ್ಕೋಸಿಟಿ 25 ಡಿಗ್ರಿಯಲ್ಲಿ 0.890 ಮಿಲಿಪ್ಯಾಸ್ಕಲ್ ಸೆಕೆಂಡ್, 30 ಡಿಗ್ರಿಯಲ್ಲಿ 0.797. ಸುಮಾರು 10 ಶೇಕಡಾ ಕಡಿಮೆ. ಹತ್ತೇ ತಾನೆ ಅನ್ನಬೇಡಿ. 0.4 ಗ್ರಾಂ ದ್ರಾವಣ ದ್ರಾವಕದ 1.26 ಪಟ್ಟು ಸಮಯ ತೆಗೆದುಕೊಳ್ಳಬೇಕಿತ್ತು. ಬಿಸಿಯಿಂದ ಅದು 1.13ಕ್ಕೆ ಇಳಿಯಿತು. ನಮಗೆ ಬೇಕಾದದ್ದು 1ರ ಮೇಲಿನ ಪಾಲು. ಅದು 0.26ರಿಂದ 0.13ಕ್ಕೆ, ಅಂದರೆ ಅರ್ಧಕ್ಕೆ ಬಿತ್ತು. ತೆಳು ದ್ರಾವಣದ ಅಳತೆ ಇಷ್ಟು ಸೂಕ್ಷ್ಮ ಯಾಕೆ ಎಂದರೆ ಇದಕ್ಕೇ. ದೊಡ್ಡ ಸಂಖ್ಯೆಯಿಂದ ದೊಡ್ಡ ಸಂಖ್ಯೆ ಕಳೆದು ಉಳಿಯುವ ಚೂರನ್ನು ನಾವು ನಂಬುತ್ತೇವೆ. ಬಾತ್ 0.05 ಡಿಗ್ರಿಯ ಒಳಗೆ ನಿಲ್ಲಬೇಕು ಎಂದು ಹೇಳುವುದು ಸುಮ್ನೆ ಅಲ್ಲ.

30 ಡಿಗ್ರಿಯಲ್ಲೇ ಎಲ್ಲ ಮಾಡಬಹುದಿತ್ತು. ಆದರೆ ಅಣುತೂಕ ಲೆಕ್ಕಹಾಕುವ ಸ್ಥಿರಾಂಕಗಳು 25 ಡಿಗ್ರಿಯವು. ತಂಪು ಮಾಡುವ ಯಂತ್ರ ನಮ್ಮಲ್ಲಿ ಇರಲಿಲ್ಲ. ಕಾಕಾ ದಾರಿ ಹೇಳಿದರು: "ಮುಂಜಾನೆ ಆರಕ್ಕ ಬರ್ರಿ, ನಾ ಬಾಗಿಲ ತೆಗಿತೇನಿ." ಧಾರವಾಡದ ಬೆಳಗು ಬೇಸಿಗೆಯಲ್ಲೂ ತಂಪು. ಕೋಣೆ 25ಕ್ಕಿಂತ ಕೆಳಗಿದ್ದರೆ ಹೀಟರ್ ಸಾಕು. ಆಮೇಲೆ ಹತ್ತು ದಿನ ವಿದ್ಯಾರ್ಥಿನಿ ಹುಬ್ಬಳ್ಳಿಯಿಂದ ನಸುಕಿನ ಬಸ್ಸು ಹಿಡಿದು ಬಂದಳು. ಒಂಬತ್ತರೊಳಗೆ ಅಳತೆ ಮುಗಿಸುತ್ತಿದ್ದಳು. ಪ್ರತಿ ಪುಡಿಗೂ ಮೊದಲು ದ್ರಾವಕದ ಸಮಯ, ಕೊನೆಗೆ ಮತ್ತೊಮ್ಮೆ ದ್ರಾವಕದ ಸಮಯ. ಎರಡೂ ಹೊಂದದಿದ್ದರೆ ಆ ದಿನದ ಅಳತೆ ಇಲ್ಲ.

ಪುಡಿಯ ತೇವವನ್ನೂ ಆಗ ನೋಡಿದಳು. ಒಣಗಿಸಿ ತೂಗಿದರೆ 9 ಶೇಕಡಾ ನೀರು. ಸಾಂದ್ರತೆಗಳನ್ನು ಅದಕ್ಕೆ ತಕ್ಕಂತೆ ಸರಿಪಡಿಸಿ ಎರಡೂ ಡಬ್ಬಿಗಳನ್ನು ಮೊದಲಿನಿಂದ ಅಳೆದಳು. ಹಳೇ ಡಬ್ಬಿ 660, ಹೊಸ ಡಬ್ಬಿ 650. ವ್ಯತ್ಯಾಸವೇ ಇಲ್ಲ.

ಆರು ಸಾವಿರವೋ, ಒಂಬತ್ತು ಲಕ್ಷವೋ?

ಈ ಸಂಖ್ಯೆಯಿಂದ ಅಣುತೂಕಕ್ಕೆ ಹೋಗಲು ಮಾರ್ಕ್, ಹೌವಿಂಕ್, ಸಕುರಡ ಇವರ ಹೆಸರಿನ ಸಂಬಂಧ ಬೇಕು. ಅಣುತೂಕವನ್ನು ಎ ಎಂಬ ಘಾತಕ್ಕೇರಿಸಿ ಕೆ ಎಂಬ ಸ್ಥಿರಾಂಕದಿಂದ ಗುಣಿಸಿದರೆ ಇಂಟ್ರಿನ್ಸಿಕ್ ವಿಸ್ಕೋಸಿಟಿ. ನಮ್ಮ ದ್ರಾವಕಕ್ಕೆ 25 ಡಿಗ್ರಿಯಲ್ಲಿ ರಾಬರ್ಟ್ಸ್ ಮತ್ತು ಡೋಮ್ಸಿ 1982ರಲ್ಲಿ ಕೊಟ್ಟ ಕೆ 0.00181, ಎ 0.93.

ಮೊದಲ ಸಲ ಲೆಕ್ಕ ಹಾಕಿದಾಗ ಬಂದದ್ದು ಸುಮಾರು 6,800. ಒಂದು ಕೊಂಡಿಯ ತೂಕ 161. ಅಂದರೆ ಬರೀ 40 ಚಿಲ್ಲರೆ ಕೊಂಡಿ. ಅಷ್ಟು ಗಿಡ್ಡ ಸರಪಳಿಯಿಂದ ದ್ರಾವಣ ಇಷ್ಟು ಮಂದವಾಗುವುದಿಲ್ಲ. ಅವಳ ಸ್ಪ್ರೆಡ್‌ಶೀಟ್ ಸಾಂದ್ರತೆಯನ್ನು ಡೆಸಿಲೀಟರಿಗೆ ಗ್ರಾಂನಲ್ಲಿ ಇಟ್ಟಿತ್ತು, ಅಂದರೆ 660ರ ಜಾಗದಲ್ಲಿ 6.6. ಕೆ ಇದ್ದದ್ದು ಮಿಲಿಲೀಟರ್ ಲೆಕ್ಕದಲ್ಲಿ. ನೂರು ಪಟ್ಟಿನ ಈ ಮಾನದ ತಪ್ಪು ಘಾತದ ಮೂಲಕ ಹಾಯ್ದು ಉತ್ತರದಲ್ಲಿ 140 ಪಟ್ಟು ಆಯಿತು. ಸರಿಪಡಿಸಿದಾಗ ಬಂದದ್ದು 9.6 ಲಕ್ಷ.

ಅವಳು ಅಲ್ಲಿಗೇ ಬಿಡಲಿಲ್ಲ. ಬಹಳ ಜನ ಬಳಸುವ ಇನ್ನೊಂದು ಜೋಡಿ ಸ್ಥಿರಾಂಕವಿದೆ, ರಿನೋಡೊ ಮತ್ತು ಜೊತೆಯವರದು. ಅದು 0.3 ಮೋಲಾರ್ ಅಸಿಟಿಕ್ ಆಮ್ಲ, 0.2 ಮೋಲಾರ್ ಸೋಡಿಯಂ ಅಸಿಟೇಟ್ ದ್ರಾವಕಕ್ಕೆ: ಕೆ 0.076, ಎ 0.76. ಅದೇ 660ಕ್ಕೆ ಇವನ್ನು ಹಾಕಿದರೆ ಸುಮಾರು 1.5 ಲಕ್ಷ! ದ್ರಾವಕ ಬೇರೆ, ಹಾಗಾಗಿ ಹೀಗೆ ಅದಲುಬದಲು ಮಾಡುವಂತಿಲ್ಲ ಎಂಬುದು ನಿಜ. ಆದರೆ ಆರು ಪಟ್ಟು ಅಂತರ ದ್ರಾವಕವೊಂದರಿಂದಲೇ ಬರುವಂಥದ್ದಲ್ಲ. ಸ್ಥಿರಾಂಕಗಳನ್ನು ಬೇರೊಂದು ವಿಧಾನದಿಂದ ಅಣುತೂಕ ತಿಳಿದ ಮಾದರಿಗಳ ಮೇಲೆ ಕಟ್ಟುತ್ತಾರೆ. ಆ ವಿಧಾನ ಯಾವುದು, ಮಾದರಿಯಲ್ಲಿ ಮೂಲ ಕೈಟಿನ್‌ನ ಅಸಿಟೈಲ್ ಗುಂಪು ಎಷ್ಟು ಉಳಿದಿತ್ತು, ಅದೆಲ್ಲ ಅದರೊಳಗೆ ಕೂತಿರುತ್ತದೆ. ವಿಸ್ಕೋಮೀಟರ್ ತಾನಾಗಿ ಅಣುತೂಕ ಹೇಳುವುದಿಲ್ಲ. ಇನ್ನೊಬ್ಬರ ಅಳತೆಗೆ ಹೋಲಿಸಿ ಹೇಳುತ್ತದೆ.

ಇಲ್ಲಿ ನಾವು ಒಂದು ನಿರ್ಧಾರ ತೆಗೆದುಕೊಂಡೆವು. ವರದಿಯಲ್ಲಿ ಮೊದಲು ಇಂಟ್ರಿನ್ಸಿಕ್ ವಿಸ್ಕೋಸಿಟಿ, ಪಕ್ಕದಲ್ಲಿ ದ್ರಾವಕ ಮತ್ತು ಉಷ್ಣತೆ. ಆಮೇಲೆ ಅಣುತೂಕ, ಯಾವ ಸ್ಥಿರಾಂಕದಿಂದ ಬಂತು ಎಂಬುದರ ಜೊತೆ. ನಮ್ಮ ಪ್ರಶ್ನೆ ಎರಡು ಡಬ್ಬಿಗಳ ಹೋಲಿಕೆ. ಅದಕ್ಕೆ ಅನುಪಾತ ಸಾಕು, 1.5 ಲಕ್ಷವೋ 9.6 ಲಕ್ಷವೋ ಎಂಬ ಜಗಳ ಅಲ್ಲಿ ಬೇಕಿಲ್ಲ.

ಕಿಟಕಿಯ ಬಳಿಯ ಫ್ಲಾಸ್ಕ್

ಡಬ್ಬಿಗಳು ಒಂದೇ ಎಂದಾಯಿತು. ಹಾಗಾದರೆ ಲೇಪ ಯಾಕೆ ಜಾರಿತು? ಎರಡು ದಿನ ಏನೂ ತೋಚಲಿಲ್ಲ.

ನಡುವೆ ಬಸವ ಜಯಂತಿ ರಜೆ, ಭಾನುವಾರ, ಅವಳಿಗೆ ಮನೆಯಲ್ಲಿ ಒಂದು ಮದುವೆ. ಆರು ದಿನದ ನಂತರ ಬಂದಾಗ ಹೊಸ ಡಬ್ಬಿಯ ಉಳಿದ ದ್ರಾವಣ ಕಿಟಕಿಯ ಬಳಿ ಫ್ಲಾಸ್ಕ್‌ನಲ್ಲೇ ಇತ್ತು. ಕಾಕಾ "ಹಳೇದಾತವ್ವ, ಚೆಲ್ಲಿಬಿಡು" ಎಂದರು. ಚೆಲ್ಲುವ ಮುಂಚೆ ವಿಸ್ಕೋಮೀಟರ್ ಸರಿ ಇದೆಯೇ ಎಂದು ನೋಡಲು ಒಮ್ಮೆ ಇಳಿಬಿಟ್ಟಳು. ಮೊದಲು 247 ಸೆಕೆಂಡು ತೆಗೆದುಕೊಂಡಿದ್ದ ದ್ರಾವಣ 235ಕ್ಕೆ ಇಳಿಯಿತು. ದ್ರಾವಕದ ಸಮಯ ಮಾತ್ರ ಅದೇ 142.

ಫೋನ್ ಬಂತು. ನಾನು ಹೋಗುವಷ್ಟರಲ್ಲಿ ಅವಳು ನೋಟ್‌ಬುಕ್ ಹಿಂದಕ್ಕೆ ತಿರುಗಿಸಿ ಕೂತಿದ್ದಳು. ಮೊದಲ ಸಲ ಹಣ್ಣಿಗೆ ಹಚ್ಚಿದ ದ್ರಾವಣ ಹಿಂದಿನ ದಿನ ತಯಾರಿಸಿದ್ದು. ಎರಡನೇ ಸಲದ್ದು 5 ಲೀಟರ್ ಕ್ಯಾನಿನಲ್ಲಿ ತಯಾರಿಸಿ ಇಟ್ಟ ಮೇಲೆ ಅಡ್ಡಮಳೆ ಬಂದು ತೋಟದಲ್ಲಿ ಕೊಯ್ಲು ಮುಂದಕ್ಕೆ ಹೋಗಿತ್ತು. ಹಚ್ಚಿದ್ದು 24 ದಿನದ ನಂತರ. ಆಮ್ಲದಲ್ಲಿ, ಏಪ್ರಿಲ್ ಸೆಕೆಯಲ್ಲಿ, ಕೈಟೋಸಾನ್ ಸರಪಳಿಗಳು ಮೆಲ್ಲಗೆ ತುಂಡಾಗುತ್ತವೆ. ನಡುವೆ ಎಲ್ಲೋ ಒಂದು ಕಡೆ ಮುರಿದರೂ ಉದ್ದ ಅರ್ಧವಾಗಬಹುದು. ತೂಕದಲ್ಲಿ ಏನೂ ಕಡಿಮೆಯಾಗುವುದಿಲ್ಲ. ಹಾಗಾಗಿ ಕ್ಯಾನಿನಲ್ಲಿ 1 ಶೇಕಡಾ ಇದ್ದದ್ದು 1 ಶೇಕಡಾವೇ. ದ್ರಾವಣ ಮಾತ್ರ ನೀರಾಗುತ್ತಾ ಹೋಗಿತ್ತು.

ಕ್ಯಾನಿನ ತಳದಲ್ಲಿ ಸ್ವಲ್ಪ ಉಳಿದಿತ್ತು. ಮರುದಿನ ನಸುಕಿನಲ್ಲಿ ಅದನ್ನು ಉಪ್ಪಿನ ದ್ರಾವಕಕ್ಕೆ ತಂದು ಅಳೆದಳು. 380. ಹೊಸ ಪುಡಿಯ ಲೆಕ್ಕಕ್ಕೆ ಹೋಲಿಸಿದರೆ ಸರಪಳಿಯ ಸರಾಸರಿ ತೂಕ ಸುಮಾರು 56 ಶೇಕಡಾಕ್ಕೆ ಇಳಿದಿತ್ತು. ಅಷ್ಟೊತ್ತಿಗೆ ಅದು ಇನ್ನೂ ಹಳೇದಾಗಿತ್ತು, ಹಣ್ಣಿಗೆ ಹಚ್ಚಿದ ದಿನ ಇಷ್ಟು ಇಳಿದಿರಲಿಕ್ಕಿಲ್ಲ. ಆದರೂ ದಿಕ್ಕು ಸ್ಪಷ್ಟವಾಗಿತ್ತು. ಎರಡೂ ಗೆರೆಗಳು ಸೊನ್ನೆಯಲ್ಲಿ ಒಂದೇ ಕಡೆ ಸೇರಿದ್ದವು. ಈ ಸಲ ಅದನ್ನು ಮೊದಲು ನೋಡಿದೆವು.

ಒಂದು ಮಿತಿ ಹೇಳಬೇಕು. ವಿಸ್ಕೋಸಿಟಿ ಕೊಡುವುದು ಒಂದು ಬಗೆಯ ಸರಾಸರಿ, ಉದ್ದ ಸರಪಳಿಗಳ ಕಡೆಗೆ ವಾಲಿದ ಸರಾಸರಿ. ಎಲ್ಲ ಸರಪಳಿಗಳೂ ಒಂದಿಷ್ಟು ಮುರಿದವೋ, ಕೆಲವು ಪೂರಾ ಚೂರಾದವೋ, ಅದು ಇದರಲ್ಲಿ ಕಾಣುವುದಿಲ್ಲ. ಉದ್ದದ ಹರವು ಬೇಕೆಂದರೆ ಸರಪಳಿಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸುವ ಜೆಲ್ ಕ್ರೊಮಾಟೊಗ್ರಫಿಗೆ ಹೋಗಬೇಕು. ನಮಗೆ ಬೇಕಿದ್ದ ಉತ್ತರಕ್ಕೆ ಗಾಜಿನ ಕೊಳವೆ ಸಾಕಾಯಿತು.

ಮೇ ತಿಂಗಳಲ್ಲಿ ಅದೇ ಹೊಸ ಡಬ್ಬಿಯ ಪುಡಿಯನ್ನು ಕರಗಿಸಿ ಮರುದಿನವೇ ಹಣ್ಣಿಗೆ ಹಚ್ಚಿದಳು. ಲೇಪ ನಿಂತಿತು. ಪುಡಿ ಕಳಿಸಿದವರಿಗೆ ಬರೆದಿಟ್ಟಿದ್ದ ಪತ್ರವನ್ನು ನಾನು ಹರಿದು ಹಾಕಿದೆ. ಈಗ ಲ್ಯಾಬಿನ ಪ್ರತಿ ಬಾಟಲಿಯ ಮೇಲೆ ಸಾಂದ್ರತೆಯ ಕೆಳಗೆ ಕರಗಿಸಿದ ತಾರೀಖು ಇರುತ್ತದೆ. ಬರೆಯದಿದ್ದರೆ ಕಾಕಾ ಕೇಳದೆ ಚೆಲ್ಲುತ್ತಾರೆ.

ತೋಟದವರು ಈ ವರ್ಷ ಮತ್ತೆ ಫೋನ್ ಮಾಡಿದ್ದರು. "ಎಣ್ಣಿ ಹಚ್ಚಾಕ ಯಾವಾಗ ಬರ್ತೀಯವ್ವಾ?" ಅವರು ಅದನ್ನು ಎಣ್ಣೆ ಅಂತಲೇ ಕರೆಯುತ್ತಾರೆ. ಅವಳು ಹೇಳಿದಳು: "ಕಾಯಿ ಇಳಿಸೋ ಹಿಂದಿನ ದಿನ ಹೇಳ್ರಿ ಮಾವಾರ. ಅವತ್ತು ರಾತ್ರಿ ಕರಗಿಸಿ, ಮುಂಜಾನೆ ತರ್ತೇನಿ."